ಬಿರುಕು ಕಂಡ ಮೇಲೂ ಪ್ಲಾಂಟ್ ಓಡಿಸಬಹುದಾ?

ಹೋದ ಭಾನುವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಬೋರ್ಡ್ ಮೇಲೆ ಅವಸರದಲ್ಲಿ ಗೀಚಿದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಓದುತ್ತಾ ಕ್ಯಾಲ್ಕ್ಯುಲೇಟರ್‌ನಲ್ಲಿ ತಾಳೆ ನೋಡಿದರೆ ಇನ್ನೂ ಒಳ್ಳೇದು.

ವಿಷಯ ಶುರುವಾದದ್ದು ಒಬ್ಬ ವೀಕ್ಷಕರ ಮೆಸೇಜಿನಿಂದ. ಅವರ ಮನೆ ಕಲ್ಯಾಣ್‌ನಲ್ಲಿ, ಆಫೀಸು ಮಹಾಪೆಯಲ್ಲಿ. ಒಂದು ದೊಡ್ಡ ಪ್ಲಾಂಟಿನ ಮೇಂಟೆನೆನ್ಸ್ ಸಾಫ್ಟ್‌ವೇರ್ ನೋಡಿಕೊಳ್ಳೋದು ಅವರ ಕೆಲಸ. ಹಳೇ ಡೇಟಾವನ್ನು ಹೊಸ ಸಿಸ್ಟಂಗೆ ಸಾಗಿಸುವಾಗ ಒಂದು ದಾಖಲೆ ಕಣ್ಣಿಗೆ ಬಿತ್ತಂತೆ. ಸ್ಟೇನ್‌ಲೆಸ್ ಸ್ಟೀಲಿನ ಸೂಪರ್‌ಹೀಟರ್ ಹೆಡರ್, ಅಂದ್ರೆ ಹತ್ತಾರು ಸಣ್ಣ ಟ್ಯೂಬುಗಳ ಸ್ಟೀಮ್ ಬಂದು ಸೇರುವ ದಪ್ಪ ಪೈಪು. ಅದರ ವೆಲ್ಡ್ ಪಕ್ಕ 4 ಮಿಲಿಮೀಟರ್ ಆಳದ ಬಿರುಕು. ಮುಂದಿನ ಕಾಲಂನಲ್ಲಿ, "ಮುಂದಿನ ಶಟ್‌ಡೌನ್‌ವರೆಗೆ ನಿಗಾ ಇಡುವುದು." ಅದರ ಮುಂದೆ "ಆಧಾರ" ಅನ್ನುವ ಕಾಲಂ. ಅದು ಖಾಲಿ.

ಅವರು ಕೇಳಿದ್ದು ಇಷ್ಟು: "ಅಣ್ಣಾ, ಬಿರುಕು ಕಂಡಿದೆ, ಆದ್ರೂ ಓಡಿಸ್ತಿದ್ದಾರೆ. ಇದು ತಪ್ಪಲ್ವಾ? ನಾನು ಯಾರಿಗಾದ್ರೂ ಹೇಳ್ಬೇಕಾ, ಇಲ್ಲ ಸುಮ್ನೆ ಡೇಟಾ ಸಾಗಿಸಿ ಕೈ ತೊಳ್ಕೊಳ್ಳೋದಾ?"

ಉತ್ತರ ಮೊದಲೇ ಹೇಳಿಬಿಡ್ತೀನಿ. ಬಿರುಕು ಇದ್ದೂ ಓಡಿಸೋದು ತಪ್ಪಾಗಲೇಬೇಕು ಅಂತಿಲ್ಲ. ಆ ಖಾಲಿ ಕಾಲಂ ಮಾತ್ರ ಖಂಡಿತ ತಪ್ಪು. ಅಲ್ಲಿ ಏನಿರಬೇಕಿತ್ತು ಅನ್ನೋದೇ ಇವತ್ತಿನ ವಿಷಯ. ಅದರ ಹೆಸರು ಕ್ರೀಪ್ ಕ್ರ್ಯಾಕ್ ಗ್ರೋತ್ ಪರೀಕ್ಷೆ. ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಕಾದ ಲೋಹದಲ್ಲಿ ಬಿರುಕು ಗಂಟೆಗೆ ಎಷ್ಟು ಮುಂದೆ ಹೋಗುತ್ತದೆ ಎಂದು ಅಳೆಯುವುದು. ಸಾಫ್ಟ್‌ವೇರ್‌ಗೆ ಬರುವ ಮೊದಲು ನನ್ನ ಎಂಟೆಕ್ ಪ್ರಾಜೆಕ್ಟ್ ಇದರ ಮೇಲೇ ಇತ್ತು. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಮುಂದೆ ಹೇಳ್ತೀನಿ.

ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ ತಿಂಗಳು ಮತ್ತು 2024ರ ಮೇ ತಿಂಗಳು ಆದ ಸ್ಫೋಟಗಳು ನಮ್ಮಲ್ಲಿ ಅನೇಕರಿಗೆ ನೆನಪಿವೆ. ಅವು ರಾಸಾಯನಿಕ ಸ್ಫೋಟಗಳು, ಕ್ರೀಪ್‌ಗೂ ಅವಕ್ಕೂ ಸಂಬಂಧ ಇಲ್ಲ. ಆದರೆ ಫ್ಯಾಕ್ಟರಿ ಗೋಡೆಯೊಳಗೆ ಯಾರೋ ತೆಗೆದುಕೊಂಡ ತೀರ್ಮಾನ ನಮ್ಮ ಮನೆ ಕಿಟಕಿ ಗಾಜಿನವರೆಗೂ ಬರಬಹುದು ಅನ್ನೋದನ್ನ ಆ ಎರಡು ದಿನ ಕಂಡಿದ್ದೇವೆ.

ಬಟ್ಟೆ ಹಗ್ಗ ಜೋತು ಬೀಳೋದು ಯಾಕೆ?

ನಮ್ಮ ಫ್ಲಾಟುಗಳ ಗ್ಯಾಲರಿಯಲ್ಲಿ ಕಟ್ಟಿದ ನೈಲಾನ್ ಹಗ್ಗ ನೋಡಿ. ಕಟ್ಟಿದ ದಿನ ಬಿಗಿಯಾಗಿರತ್ತೆ. ದಿನಾ ಅದೇ ಬಟ್ಟೆ, ಅದೇ ತೂಕ. ಆದರೂ ಆರು ತಿಂಗಳಿಗೆ ಜೋತು ಬಿದ್ದಿರತ್ತೆ. ಭಾರ ಹೆಚ್ಚಾಗಿಲ್ಲ, ಸಮಯ ಕಳೆದಿದೆ ಅಷ್ಟೆ. ಭಾರ ಬದಲಾಗದೆ, ಹೊತ್ತು ಕಳೆದಂತೆ ವಸ್ತು ನಿಧಾನಕ್ಕೆ ಹಿಗ್ಗುತ್ತಾ ಹೋಗುವುದೇ ಕ್ರೀಪ್.

ಲೋಹದಲ್ಲೂ ಇದು ಆಗತ್ತೆ, ಆದರೆ ಸಾಕಷ್ಟು ಬಿಸಿ ಬೇಕು. ಎಷ್ಟು ಬಿಸಿ ಅನ್ನೋದು ಆ ಲೋಹ ಕರಗುವ ತಾಪಮಾನದ ಮೇಲೆ ನಿಂತಿದೆ. ಕೆಲ್ವಿನ್ ಲೆಕ್ಕದಲ್ಲಿ ಕರಗುವ ತಾಪಮಾನದ ಸುಮಾರು 0.4 ಭಾಗ ದಾಟಿದರೆ ಕ್ರೀಪ್ ಬಗ್ಗೆ ಯೋಚನೆ ಮಾಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದ್ರೆ 1673 ಕೆಲ್ವಿನ್‌ನಲ್ಲಿ ಕರಗತ್ತೆ. ಅದರ 0.4 ಭಾಗ 669 ಕೆಲ್ವಿನ್, ಸುಮಾರು 400 ಡಿಗ್ರಿ ಸೆಲ್ಸಿಯಸ್.

ಹಾಗಾಗಿ ಮನೆಯ ಸ್ಟೀಲ್ ಕುಕ್ಕರಿನ ಬಗ್ಗೆ ಚಿಂತೆ ಬೇಡ. ಒಳಗೆ 120 ಡಿಗ್ರಿ, ಅಂದ್ರೆ 393 ಕೆಲ್ವಿನ್, 0.24 ಭಾಗಕ್ಕೂ ಕಮ್ಮಿ. ಆದರೆ ನೀವು ದಿನಾ ಬಳಸುವ ಲ್ಯಾಪ್‌ಟಾಪಿನ ಬೋರ್ಡ್ ಮೇಲಿರುವ ಬೆಸುಗೆ ಬೇರೆ ಕಥೆ. ಹಳೇ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ, ಅಂದ್ರೆ 456 ಕೆಲ್ವಿನ್‌ನಲ್ಲಿ ಕರಗತ್ತೆ. ನಮ್ಮ ಕೋಣೆಯ 300 ಕೆಲ್ವಿನ್ ಅದಕ್ಕೆ 0.66 ಭಾಗ. ಬೆಸುಗೆಗೆ ನಮ್ಮ ಎಸಿ ರೂಮೇ ಕುಲುಮೆ ಇದ್ದ ಹಾಗೆ. ಹಳೇ ಬೋರ್ಡುಗಳ ಬೆಸುಗೆ ಬಿಟ್ಟುಕೊಳ್ಳೋದರಲ್ಲಿ ಕ್ರೀಪಿನ ಪಾಲೂ ಇದೆ.

ಸ್ಟೀಲನ್ನು 400 ಡಿಗ್ರಿಗಿಂತ ಮೇಲೆ ಎಲ್ಲಿ ಓಡಿಸ್ತಾರೆ? ವಾಶಿ ಸೇತುವೆ ದಾಟುವಾಗ ಟ್ರಾಂಬೆ ಕಡೆ ಕಾಣುವ ಎತ್ತರದ ಚಿಮಣಿಗಳ ಕೆಳಗೆ. ರಾಯಚೂರಿನ ಶಕ್ತಿನಗರದಲ್ಲಿ, 210 ಮೆಗಾವಾಟ್ ಘಟಕಗಳ ಸ್ಟೀಮ್ ಸುಮಾರು 540 ಡಿಗ್ರಿಯಲ್ಲಿ ಟರ್ಬೈನಿಗೆ ಹೋಗತ್ತೆ. ಗೊಬ್ಬರ ಕಾರ್ಖಾನೆಗಳ ರಿಫಾರ್ಮರ್ ಟ್ಯೂಬುಗಳು ಇನ್ನೂ ಬಿಸಿ, 900 ಡಿಗ್ರಿ ಆಸುಪಾಸು. ನಾವು ಕಂಪನಿ ಬಸ್ಸಲ್ಲಿ ತೂಕಡಿಸುತ್ತಾ ಹೋಗುವ ಥಾಣೆ-ಬೇಲಾಪುರ ರಸ್ತೆ ಐಟಿ ಪಾರ್ಕುಗಳಿಗಿಂತ ಮೊದಲು ಇಂಥ ಕುಲುಮೆಗಳ ರಸ್ತೆಯೇ ಆಗಿತ್ತು. 1960ರ ದಶಕದ ಕೊನೆಯಲ್ಲಿ ಅಲ್ಲಿ ನೋಸಿಲ್‌ನ ನಾಫ್ತಾ ಕ್ರ್ಯಾಕರ್ ಶುರುವಾಗಿತ್ತು. ಅಂಥ ಕ್ರ್ಯಾಕರಿನ ಕುಲುಮೆಯಲ್ಲಿ ಹೆಚ್ಚು ಕ್ರೋಮಿಯಂ, ನಿಕೆಲ್ ಇರುವ ಟ್ಯೂಬುಗಳು 1000 ಡಿಗ್ರಿ ಆಸುಪಾಸಿನಲ್ಲಿ ಕೆಲಸ ಮಾಡ್ತವೆ. ಅವುಗಳ ಆಯಸ್ಸನ್ನು ನಿರ್ಧರಿಸುವ ಮುಖ್ಯ ಸಂಗತಿಗಳಲ್ಲಿ ಕ್ರೀಪ್ ಒಂದು.

1 ಲಕ್ಷ ಗಂಟೆ

ಕ್ರೀಪಿನ ಜಗತ್ತಿನಲ್ಲಿ ವಯಸ್ಸನ್ನು ಗಂಟೆಯಲ್ಲಿ ಎಣಿಸ್ತಾರೆ. 1 ಲಕ್ಷ ಗಂಟೆ ಅಂದ್ರೆ ಬಿಡುವಿಲ್ಲದೆ ಓಡಿದರೆ 11.4 ವರ್ಷ. ವರ್ಷಕ್ಕೆ 8,000 ಗಂಟೆ ಓಡಿದರೆ ಹನ್ನೆರಡೂವರೆ ವರ್ಷ. 1950ರ ಭಾರತೀಯ ಬಾಯ್ಲರ್ ನಿಯಮಾವಳಿಗೆ ಆಮೇಲೆ ಸೇರಿಸಿದ 391ಎ ನಿಯಮ ಹೇಳೋದೂ ಇದನ್ನೇ. ಕ್ರೀಪ್ ಆಗುವಷ್ಟು ಬಿಸಿಯಲ್ಲಿ, ಅಂದ್ರೆ 400 ಡಿಗ್ರಿ ಮೇಲೆ ಓಡುವ ಬಾಯ್ಲರಿನ ಭಾಗಗಳಿಗೆ 1 ಲಕ್ಷ ಗಂಟೆ ಆದಮೇಲೆ ಉಳಿದ ಆಯಸ್ಸು ಎಷ್ಟು ಅಂತ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ನಾವು ಸಿಪಿಆರ್‌ಐ ಅಂತ ಕರೆಯೋದು, ಇಂಥ ಆಯಸ್ಸಿನ ಲೆಕ್ಕ ಮಾಡಿಕೊಡುವ ಸಂಸ್ಥೆಗಳಲ್ಲಿ ಒಂದು.

ಮಾಮೂಲಿ ಕ್ರೀಪ್ ಪರೀಕ್ಷೆ ಸರಳ. ನುಣುಪಾದ ಒಂದು ಸರಳನ್ನು ಕುಲುಮೆಯಲ್ಲಿ ನೇತುಹಾಕಿ, ತೂಕ ಕಟ್ಟಿ, ಎಷ್ಟು ಗಂಟೆಗೆ ತುಂಡಾಗತ್ತೆ ಅಂತ ನೋಡೋದು. ಅದು ಹೇಳೋದು ಬಿರುಕೇ ಇಲ್ಲದ ಲೋಹದ ಆಯಸ್ಸು. ನಮ್ಮ ವೀಕ್ಷಕರ ಹೆಡರಿನಲ್ಲಿ ಬಿರುಕು ಆಗಲೇ ಇದೆ. ಆದ್ದರಿಂದ ಆ ಅಂಕಿ ಇಲ್ಲಿ ಸಾಲದು.

ಬಿರುಕು ಬಂದ ಮೇಲೆ ಲೆಕ್ಕ ಬೇರೆ

ಬಟ್ಟೆ ಅಂಗಡಿಯವರು ಅಂಚಿಗೆ ಕತ್ತರಿಯಲ್ಲಿ ಒಂದು ಚಿಕ್ಕ ಕಚ್ಚು ಹಾಕಿ ಆಮೇಲೆ ಕೈಯಲ್ಲೇ ಪರ್ ಅಂತ ಹರೀತಾರಲ್ಲ, ಅಲ್ಲಿ ಕೆಲಸ ಮಾಡೋದು ಕಚ್ಚಿನ ತುದಿ. ಎಳೆತವೆಲ್ಲ ಬಂದು ಆ ತುದಿಯಲ್ಲಿ ಸೇರತ್ತೆ. ಸ್ಟೀಲಿನಲ್ಲೂ ಹಾಗೇ. ಪೈಪಿನ ಉಳಿದ ಭಾಗ ನೆಮ್ಮದಿಯಾಗಿದ್ದರೂ ಬಿರುಕಿನ ತುದಿಯ ಸುತ್ತಲಿನ ಚೂರು ಜಾಗ ಜೋರಾಗಿ ಕ್ರೀಪ್ ಆಗ್ತಿರತ್ತೆ.

ಒಳಗೆ ನಡೆಯೋದು ಇಷ್ಟು. ಲೋಹ ಅಂದ್ರೆ ಸಣ್ಣ ಸಣ್ಣ ಹರಳುಗಳ ಒಟ್ಟು. ಹರಳು ಹರಳಿನ ನಡುವೆ ಗಡಿ ಇರತ್ತೆ. ಬಿಸಿ ಮತ್ತು ಎಳೆತ ಸೇರಿದಾಗ ಆ ಗಡಿಗಳಲ್ಲಿ ಸೂಕ್ಷ್ಮ ತೂತುಗಳು ಹುಟ್ಟುತ್ತವೆ. ತೂತು ಬೆಳೆದು ಪಕ್ಕದ ತೂತಿಗೆ ಸೇರತ್ತೆ, ಸೇರಿದ ತೂತುಗಳ ಸಾಲಿಗೆ ಬಿರುಕು ಹೋಗಿ ಕೂಡಿಕೊಳ್ಳತ್ತೆ. ತುದಿ ಒಂದು ಹೆಜ್ಜೆ ಮುಂದೆ. ಅಲ್ಲಿಂದ ಮತ್ತೆ ಅದೇ ಕಥೆ. ಸದ್ದಿಲ್ಲ, ಹೊರಗೆ ಉಬ್ಬಿದ್ದೂ ಕಾಣಲ್ಲ. ಮೆಮೊರಿ ಲೀಕ್ ಇರುವ ಸರ್ವರ್ ಥರ, ಕುಸಿದು ಬೀಳುವ ಕ್ಷಣದವರೆಗೂ ಎಲ್ಲ ಹಸಿರು ದೀಪವೇ.

ಇದು ಪುಸ್ತಕದ ಹೆದರಿಕೆ ಅಲ್ಲ. ಅಮೆರಿಕದ ನೆವಾಡಾದ ಮೊಹಾವೆ ವಿದ್ಯುತ್ ಸ್ಥಾವರದಲ್ಲಿ 1985ರ ಜೂನ್ 9ರಂದು ಬಿಸಿ ರೀಹೀಟ್ ಪೈಪಿನ ಉದ್ದ ವೆಲ್ಡ್ ಸೀಳಿ 6 ಜನ ತೀರಿಕೊಂಡರು. ಅದು ಸ್ಟೇನ್‌ಲೆಸ್ ಅಲ್ಲ, ಕ್ರೋಮಿಯಂ ಕಮ್ಮಿ ಇರುವ ಸ್ಟೀಲ್. ಆದರೆ ವೆಲ್ಡಿನಲ್ಲಿ ವರ್ಷಗಟ್ಟಲೆ ಕ್ರೀಪಿನಿಂದ ಬೆಳೆದ ಹಾನಿ ಅದು. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಉದಾಹರಣೆಗಳಿವೆ. ಬ್ರಿಟನ್ನಿನ ಅನಿಲದಿಂದ ತಂಪಾಗಿಸುವ ರಿಯಾಕ್ಟರುಗಳಲ್ಲಿ 316ಎಚ್ ಸ್ಟೀಲಿನ ವೆಲ್ಡುಗಳ ಪಕ್ಕ, ಫ್ರಾನ್ಸಿನ ಫೀನಿಕ್ಸ್ ರಿಯಾಕ್ಟರಿನಲ್ಲಿ 321 ಸ್ಟೀಲಿನ ವೆಲ್ಡುಗಳ ಪಕ್ಕ ಬಿರುಕುಗಳು ಸಿಕ್ಕವು. ಹೊರಗಿನ ಭಾರ ದೊಡ್ಡದೇನೂ ಬೇಕಿಲ್ಲ. ವೆಲ್ಡ್ ತಣ್ಣಗಾಗುವಾಗ ಒಳಗೇ ಉಳಿದುಹೋದ ಎಳೆತ ಸಾಕು. ಬಿಸಿಯಲ್ಲಿ ವರ್ಷಗಳು ಕಳೆದಂತೆ ಆ ಎಳೆತ ಸಡಿಲಗೊಳ್ಳಬೇಕು, ಸಡಿಲಗೊಳ್ಳೋದೇ ಕ್ರೀಪ್. ಅಲ್ಲಿನ ಲೋಹಕ್ಕೆ ಅಷ್ಟು ಹಿಗ್ಗುವ ಶಕ್ತಿ ಇಲ್ಲದಿದ್ದರೆ ಬಿರುಕು ಬಿಡತ್ತೆ.

ಪರೀಕ್ಷೆ ಮಾಡೋದು ಹೇಗೆ?

ಈ ಪರೀಕ್ಷೆಗೆ ಎಎಸ್‌ಟಿಎಂ ಇ1457 ಅನ್ನೋ ಮಾನದಂಡ ಇದೆ, ಮೊದಲ ಆವೃತ್ತಿ ಬಂದದ್ದು 1992ರಲ್ಲಿ. ತುಂಡು ಅಂದ್ರೆ ದೊಡ್ಡ ಮೈಸೂರುಪಾಕಿನ ಅಳತೆ, ಸುಮಾರು 60 ಮಿಲಿಮೀಟರ್ ಚೌಕ, 25 ಮಿಲಿಮೀಟರ್ ದಪ್ಪ. ಎಳೆಯೋದಕ್ಕೆ ಎರಡು ತೂತು, ಮಧ್ಯೆ ಒಂದು ಸೀಳು. ಸೀಳಿನ ತುದಿ ಎಷ್ಟು ಸಣ್ಣದಾಗಿ ಕೊರೆದರೂ ನಿಜವಾದ ಬಿರುಕಿನಷ್ಟು ಚೂಪಿರಲ್ಲ. ಅದಕ್ಕೇ ಮೊದಲು ಸಣ್ಣ ಭಾರವನ್ನು ಸಾವಿರಾರು ಸಲ ಹಾಕಿ ತೆಗೆದು, ಹಾಕಿ ತೆಗೆದು, ತುದಿಯಿಂದ ಒಂದು ನಿಜ ಬಿರುಕು ಹೊರಡಿಸ್ತಾರೆ. ಬಿರುಕು ಅಡ್ಡಾದಿಡ್ಡಿ ಹೋಗದೆ ನೇರ ಸಾಗಲಿ ಅಂತ ಎರಡೂ ಬದಿಗೆ ತೆಳುವಾದ ಗಾಡಿ ಕೊರೀತಾರೆ.

ಆಮೇಲೆ ಕುಲುಮೆ. ತುಂಡಿಗೆ ತಾಪಮಾನ ಅಳೆಯುವ ಥರ್ಮೋಕಪಲ್ ಕಟ್ಟಿ, ಬೇಕಾದ ಬಿಸಿಗೆ ತಂದು, ಎಲ್ಲ ಕಡೆ ಒಂದೇ ಸಮ ಆಗುವವರೆಗೆ ಕಾಯಬೇಕು. ಪರೀಕ್ಷೆ ಮುಗಿಯುವವರೆಗೂ ತಾಪಮಾನ 2 ಡಿಗ್ರಿಗಿಂತ ಆಚೀಚೆ ಆಗಬಾರದು. ಆಮೇಲೆ ಸನ್ನೆಗೋಲಿನ ಇನ್ನೊಂದು ತುದಿಗೆ ತೂಕದ ಬಿಲ್ಲೆಗಳನ್ನು ಮೆಲ್ಲಗೆ ಇಡಬೇಕು. ಮೋಟರ್ ಇಲ್ಲ, ಪಂಪ್ ಇಲ್ಲ, ಭೂಮಿಯ ಸೆಳೆತವೊಂದೇ. ಕರೆಂಟ್ ಹೋದರೂ ಭಾರ ಬದಲಾಗಬಾರದು ಅನ್ನೋದೇ ಇದರ ಗುಟ್ಟು.

ಇನ್ನು ಕುಲುಮೆಯೊಳಗೆ ಬಿರುಕು ಎಷ್ಟು ಬೆಳೀತು ಅಂತ ನೋಡೋದು ಹೇಗೆ? ತುಂಡಿನ ಮೂಲಕ ಕೆಲವು ಆಂಪಿಯರ್ ನೇರ ವಿದ್ಯುತ್ ಹರಿಸ್ತಾರೆ. ಬಿರುಕು ಬೆಳೆದಷ್ಟೂ ವಿದ್ಯುತ್ತಿಗೆ ದಾರಿ ಕಿರಿದಾಗತ್ತೆ, ಬಿರುಕಿನ ಎರಡು ಬದಿಯ ನಡುವಿನ ವೋಲ್ಟೇಜ್ ಕೊಂಚ ಏರತ್ತೆ. ಮೈಕ್ರೋವೋಲ್ಟ್ ಲೆಕ್ಕದ ಆ ಏರಿಕೆಯಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ಬಿರುಕಿನ ಬೆಳವಣಿಗೆ ಗೊತ್ತಾಗತ್ತೆ. ಜೊತೆಗೆ ತುಂಡು ಎಷ್ಟು ಬಾಯಿಬಿಟ್ಟಿತು ಅಂತ ಇನ್ನೊಂದು ಸೆನ್ಸರ್ ದಾಖಲು ಮಾಡತ್ತೆ. ಹೀಗೆ ನೂರಾರು, ಕೆಲವೊಮ್ಮೆ ಸಾವಿರಾರು ಗಂಟೆ.

ಕೊನೆಗೆ ತುಂಡನ್ನು ತಣ್ಣಗೆ ಮಾಡಿ ಸೀಳಿ ನೋಡ್ತಾರೆ. ಬಿಸಿಯಲ್ಲಿ ತೆರೆದುಕೊಂಡ ಮೇಲ್ಮೈಗೆ ಬಣ್ಣ ಹತ್ತಿರತ್ತೆ, ಆಮೇಲೆ ಸೀಳಿದ್ದು ಹೊಳೀತಿರತ್ತೆ. ಎರಡರ ಗಡಿಯಲ್ಲಿ ಹಲವು ಕಡೆ ಅಳೆದು, ವೋಲ್ಟೇಜ್ ಹೇಳಿದ ಬಿರುಕೂ ಕಣ್ಣಿಗೆ ಕಂಡ ಬಿರುಕೂ ತಾಳೆ ಆಗತ್ತಾ ಅಂತ ನೋಡಬೇಕು. ಲಾಗ್ ಫೈಲ್ ಮತ್ತು ಡೇಟಾಬೇಸ್ ತಾಳೆ ಹಾಕುವ ಹಾಗೆಯೇ.

ಸಿ-ಸ್ಟಾರ್

ಲ್ಯಾಬಿನ ಮೈಸೂರುಪಾಕಿಗೂ ಪ್ಲಾಂಟಿನ ಹೆಡರಿಗೂ ಆಕಾರ ಬೇರೆ, ಭಾರ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ತರಲು ಸಿ-ಸ್ಟಾರ್ ಅನ್ನೋ ಅಳತೆ ಇದೆ. ಬಿರುಕಿನ ತುದಿಯ ಸುತ್ತ ಕ್ರೀಪ್ ಎಷ್ಟು ಜೋರಾಗಿ ನಡೀತಿದೆ ಅನ್ನೋದಕ್ಕೆ ಅದು ಒಂದೇ ಅಂಕಿ. ಲ್ಯಾಬಿನಲ್ಲಿ ಭಾರ ಮತ್ತು ಬಾಯಿಬಿಡುವ ವೇಗದಿಂದ ಅದನ್ನು ಲೆಕ್ಕ ಹಾಕ್ತಾರೆ, ಪ್ಲಾಂಟಿನಲ್ಲಿ ಒತ್ತಡ ಮತ್ತು ಪೈಪಿನ ಅಳತೆಯಿಂದ. ಬಿರುಕಿನ ವೇಗ ಸಿ-ಸ್ಟಾರಿನ ಸುಮಾರು 0.8ನೇ ಘಾತದ ಪ್ರಕಾರ ಏರತ್ತೆ. ಸಿ-ಸ್ಟಾರ್ 10 ಪಟ್ಟಾದರೆ ವೇಗ 6.3 ಪಟ್ಟು.

ಇದರಿಂದ ಹೊರಡುವ ಒಂದು ಲೆಕ್ಕ ನನಗೆ ಇವತ್ತಿಗೂ ಗಾಬರಿ ಹುಟ್ಟಿಸತ್ತೆ. ಕ್ರೀಪಿನ ವೇಗ ಎಳೆತದ 8ನೇ ಘಾತದಂತೆ ಏರತ್ತೆ ಅಂತ ಇಟ್ಟುಕೊಳ್ಳಿ, ಇಂಥ ಸ್ಟೀಲಿಗೆ ಇದು ಅಸಹಜವೇನಲ್ಲ. ಆಗ ಸಿ-ಸ್ಟಾರ್ ಎಳೆತದ 9ನೇ ಘಾತ. ಎಳೆತ ಬರೀ ಕಾಲುಭಾಗ ಹೆಚ್ಚಾದರೆ ಸಿ-ಸ್ಟಾರ್ 7.5 ಪಟ್ಟು, ಬಿರುಕಿನ ವೇಗ 5 ಪಟ್ಟು. ಪೈಪಿಗೆ ಆಸರೆ ಕೊಟ್ಟ ಒಂದು ಹ್ಯಾಂಗರ್ ಕಳಚಿಕೊಂಡರೆ ವೆಲ್ಡಿನ ಮೇಲೆ ಅಷ್ಟು ಹೆಚ್ಚುವರಿ ಎಳೆತ ಬರಬಹುದು.

ನಾನು ಹಾಳುಮಾಡಿದ ಟೆಸ್ಟ್

ಪ್ರಾಜೆಕ್ಟ್ ಮುಗಿಸಲು ನನಗಿದ್ದದ್ದು ಕೆಲವೇ ತಿಂಗಳು. ಒಂದು ತುಂಡು ಮೂರು ವಾರ ಕುಲುಮೆಯಲ್ಲಿದ್ದರೂ ಬಿರುಕು 0.2 ಮಿಲಿಮೀಟರ್ ಕೂಡ ದಾಟಿರಲಿಲ್ಲ. ಈ ಮೊದಲ 0.2 ಮಿಲಿಮೀಟರ್ ಬಿರುಕು ಹೊರಡುವ ಮುಂಚಿನ ಕಾಯುವಿಕೆ, ಅದನ್ನು ಬೇರೆಯಾಗೇ ಲೆಕ್ಕ ಮಾಡಬೇಕು. ನನಗೆ ತಾಳ್ಮೆ ಇರಲಿಲ್ಲ. ಒಂದು ರಾತ್ರಿ ಸನ್ನೆಗೋಲಿಗೆ ಬಿಲ್ಲೆ ಸೇರಿಸಿ ಭಾರ ಕಾಲುಭಾಗ ಏರಿಸಿದೆ. ಬಿರುಕು ಓಡಿತು. ನಾಲ್ಕೇ ದಿನಕ್ಕೆ ಚೆಂದದ ಗ್ರಾಫ್ ಬಂತು.

ಗೈಡ್ ಸರ್ ಗ್ರಾಫ್ ನೋಡಲಿಲ್ಲ, ತುಂಡು ಬಾಯಿಬಿಟ್ಟ ದಾಖಲೆ ಕೇಳಿದರು. ಬಿಲ್ಲೆ ಇಟ್ಟ ಕ್ಷಣ ಅಲ್ಲೊಂದು ಮೆಟ್ಟಿಲು ಕಾಣ್ತಿತ್ತು. ಅಂದ್ರೆ ಲೋಹ ಆ ಕ್ಷಣವೇ ಬಾಗಿ ಮಣಿದಿತ್ತು, ನಿಧಾನದ ಕ್ರೀಪಿನಿಂದಲ್ಲ. ಒಟ್ಟು ಚಲನೆಯಲ್ಲಿ ಕ್ರೀಪಿನ ಪಾಲು ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೆ ಸಿ-ಸ್ಟಾರ್ ಲೆಕ್ಕಕ್ಕೆ ಬೆಲೆ ಇಲ್ಲ. "ಇದು ಕ್ರೀಪ್ ಡೇಟಾ ಅಲ್ಲಪ್ಪ, ಹರಿದ ಡೇಟಾ. ಕಡತದಲ್ಲಿ ಕಾರಣ ಬರೆದು ಬದಿಗಿಡು," ಅಂದರು. ಬೈಯಲಿಲ್ಲ. ಆಮೇಲೆ ಒಂದು ಮಾತು ಹೇಳಿದರು: "ಈ ಚುಕ್ಕೆ ನಂಬಿ ಯಾರೋ ಪೈಪಿನ ಪಕ್ಕ ನಿಂತಿರ್ತಾರೆ."

ನನ್ನ ಥೀಸಿಸ್‌ನಲ್ಲಿ ಒಂದು ಚುಕ್ಕೆ ಕಮ್ಮಿ ಆಯ್ತು. ಆ ಮಾತು ಮಾತ್ರ ಉಳಿದುಕೊಂಡಿದೆ.

ಬಿಸಿ ಏರಿಸಿ ಬೇಗ ಮುಗಿಸಬಾರದಾ?

ಐಟಿಯವರ ಮೊದಲ ಪ್ರಶ್ನೆ ಇದೇ. ಲೋಡ್ ಟೆಸ್ಟಿಂಗ್ ಮಾಡಲ್ವಾ, ಹಾಗೆ. ಒಂದು ಮಟ್ಟಿಗೆ ಸಾಧ್ಯ. ಲಾರ್ಸನ್-ಮಿಲ್ಲರ್ ಅನ್ನೋ ಸೂತ್ರ ಇದೆ: ಕೆಲ್ವಿನ್ ತಾಪಮಾನವನ್ನು, 20ಕ್ಕೆ ಗಂಟೆಗಳ ಲಾಗ್ ಕೂಡಿಸಿ ಬಂದದ್ದರಿಂದ ಗುಣಿಸಬೇಕು. ಎಳೆತ ಅಷ್ಟೇ ಇದ್ದರೆ ಆ ಗುಣಲಬ್ಧವೂ ಅಷ್ಟೇ ಇರತ್ತೆ ಅಂತ ಊಹೆ. 550 ಡಿಗ್ರಿ, ಅಂದ್ರೆ 823 ಕೆಲ್ವಿನ್. 1 ಲಕ್ಷ ಗಂಟೆಯ ಲಾಗ್ 5. 823 ಗುಣಿಸು 25 ಅಂದ್ರೆ 20,575. ಈಗ 650 ಡಿಗ್ರಿಗೆ, ಅಂದ್ರೆ 923 ಕೆಲ್ವಿನ್‌ಗೆ ಭಾಗಿಸಿ: 22.29. ಅದರಲ್ಲಿ 20 ಕಳೆದರೆ 2.29, ಅಂದ್ರೆ ಸುಮಾರು 195 ಗಂಟೆ. ಹನ್ನೊಂದು ವರ್ಷದ ಕಥೆ ಎಂಟು ದಿನದಲ್ಲಿ!

ಅದೇ ಸೂತ್ರ ತಿರುಗಿಸಿ. ಪ್ಲಾಂಟ್ 550ರ ಬದಲು 560 ಡಿಗ್ರಿಯಲ್ಲಿ ಓಡಿದರೆ? 20,575 ಭಾಗಿಸು 833, ಬಂದದ್ದು 24.70. ಅಂದ್ರೆ ಸುಮಾರು 50,000 ಗಂಟೆ. ಬರೀ 10 ಡಿಗ್ರಿ ಹೆಚ್ಚಾದದ್ದಕ್ಕೆ ಅರ್ಧ ಆಯಸ್ಸು ಹೋಯ್ತು. ಲ್ಯಾಬಿನಲ್ಲಿ 2 ಡಿಗ್ರಿಗೆ ಅಷ್ಟು ಹಟ ಹಿಡಿಯೋದು ಇದಕ್ಕೇ. ಕಂಟ್ರೋಲ್ ರೂಮಿನ ಸ್ಕ್ರೀನ್ ಮೇಲೆ 10 ಡಿಗ್ರಿ ಸಣ್ಣ ಅಂಕಿ.

ಹಾಗಾದರೆ 8 ದಿನದ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಟ್ಟರೆ ಆಯ್ತಲ್ಲ? ಆಗಲ್ಲ, ಎರಡು ಕಾರಣಕ್ಕೆ. ಒಂದು, ಹೆಚ್ಚು ಬಿಸಿಯಲ್ಲಿ ಸ್ಟೀಲೇ ಬೇರೆ ಥರ ಬದಲಾಗತ್ತೆ. ಕಾರ್ಬೈಡುಗಳು, ಸಿಗ್ಮಾ ಅನ್ನೋ ಬಿರುಸಾದ ಹಂತ, ಇವು ಬೇರೆ ವೇಗದಲ್ಲಿ, ಬೇರೆ ಪ್ರಮಾಣದಲ್ಲಿ ಹುಟ್ಟುತ್ತವೆ. ಎರಡು, ಬೇಗ ಎಳೆದರೆ ಲೋಹ ಚೆನ್ನಾಗಿ ಹಿಗ್ಗಿ ತಾಳಿಕೊಳ್ಳತ್ತೆ. ವರ್ಷಗಟ್ಟಲೆ ಮೆಲ್ಲಗೆ ಎಳೆದರೆ ಹರಳುಗಳ ಗಡಿಯಲ್ಲಿ ತೂತುಗಳಿಗೆ ಸಮಯ ಸಿಗತ್ತೆ, ಕಮ್ಮಿ ಹಿಗ್ಗುವಷ್ಟರಲ್ಲೇ ಒಡೆಯತ್ತೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಕಟ್ಟಿದ ಮಾದರಿಯ ಪ್ರಕಾರ ಬಿರುಕಿನ ವೇಗ ಆ ಹಿಗ್ಗುವ ಗುಣಕ್ಕೆ ವಿಲೋಮ. ಹಿಗ್ಗುವ ಗುಣ ಕಾಲುಭಾಗಕ್ಕೆ ಇಳಿದರೆ ವೇಗ 4 ಪಟ್ಟು. ಅಂದ್ರೆ ಅವಸರದ ಟೆಸ್ಟ್ ತಪ್ಪುವುದು ಸಾಮಾನ್ಯವಾಗಿ ಅಪಾಯದ ಕಡೆಗೇ. ನಿಜಕ್ಕಿಂತ ನಿಧಾನದ ಬಿರುಕನ್ನು ತೋರಿಸತ್ತೆ.

ಕಲ್ಪಾಕ್ಕಂನಲ್ಲಿ ಕಾಯುವ ಕೆಲಸ

ನಮ್ಮ ದೇಶದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಈ ಕೆಲಸ ದೊಡ್ಡದಾಗಿ ನಡೆದದ್ದು ತಮಿಳುನಾಡಿನ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ 500 ಮೆಗಾವಾಟ್ ಫಾಸ್ಟ್ ಬ್ರೀಡರ್ ರಿಯಾಕ್ಟರಿಗೆ ನೀರಿನ ಬದಲು ದ್ರವ ಸೋಡಿಯಂ. ಅದು ರಿಯಾಕ್ಟರಿನ ಗರ್ಭದಿಂದ 547 ಡಿಗ್ರಿಯಲ್ಲಿ ಹೊರಬರತ್ತೆ. ವಿನ್ಯಾಸದ ಆಯಸ್ಸು 40 ವರ್ಷ, ಕ್ಯಾಲೆಂಡರ್ ಲೆಕ್ಕದಲ್ಲಿ ಮೂರೂವರೆ ಲಕ್ಷ ಗಂಟೆ. ಸೋಡಿಯಂ ತುಂಬಿದ ಪಾತ್ರೆಯ ವ್ಯಾಸವೇ ಸುಮಾರು 13 ಮೀಟರ್. ಒಮ್ಮೆ ಓಡಲು ಶುರುವಾದ ಮೇಲೆ ಅದನ್ನು ಬಿಚ್ಚಿ ಬದಲಾಯಿಸುವ ಮಾತೇ ಇಲ್ಲ.

ಅದಕ್ಕೆ ಆರಿಸಿದ್ದು 316ಎಲ್‌ಎನ್. ಎಲ್ ಅಂದ್ರೆ ಕಾರ್ಬನ್ ಕಮ್ಮಿ, 0.03 ಶೇಕಡಾ ಮೀರದಂತೆ. ಕಾರ್ಬನ್ ಹೆಚ್ಚಿದ್ದರೆ ವೆಲ್ಡ್ ಮಾಡುವಾಗ ಹರಳುಗಳ ಗಡಿಯಲ್ಲಿ ಕ್ರೋಮಿಯಂ ಜೊತೆ ಕೂಡಿಕೊಂಡು ಗಡಿಯನ್ನು ಸೊರಗಿಸತ್ತೆ. ಕಾರ್ಬನ್ ತೆಗೆದರೆ ಶಕ್ತಿ ತಗ್ಗತ್ತೆ, ಅದನ್ನು ತುಂಬಲು ಎನ್, ಅಂದ್ರೆ ನೈಟ್ರೋಜನ್, 0.06ರಿಂದ 0.08 ಶೇಕಡಾ. ಮುಂದಿನ ರಿಯಾಕ್ಟರುಗಳಿಗಾಗಿ 0.07, 0.11, 0.14, 0.22 ಶೇಕಡಾ ನೈಟ್ರೋಜನ್ ಇರುವ ನಾಲ್ಕು ಬಗೆ ಎರಕಹೊಯ್ದು ಅಲ್ಲಿ ಹೋಲಿಸಿ ನೋಡಿದ್ದಾರೆ. ಮೂಲ ಲೋಹ ಒಂದೇ ಅಲ್ಲ, ವೆಲ್ಡಿನ ಲೋಹದಲ್ಲೂ ಬಿರುಕಿನ ವೇಗ ಅಳೆದಿದ್ದಾರೆ. ಬಿರುಕು ಹುಟ್ಟೋದು ಸಾಮಾನ್ಯವಾಗಿ ವೆಲ್ಡಿನ ಹತ್ತಿರವೇ ಆದ್ದರಿಂದ ಅದು ಬಹಳ ಮುಖ್ಯ.

ನಮ್ಮ ಕೈಗಾ ಬಗ್ಗೆ ವಿಡಿಯೋ ಕೆಳಗೆ ಕೇಳಿದ್ದೀರಿ. 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿದ ಕೈಗಾ 1ನೇ ಘಟಕದಲ್ಲಿ ಭಾರಜಲ 300 ಡಿಗ್ರಿ ಆಸುಪಾಸಿನಲ್ಲಿರತ್ತೆ. ಅಷ್ಟಕ್ಕೆ ಸ್ಟೇನ್‌ಲೆಸ್ ಸ್ಟೀಲಿಗೆ ಈ ಕಾಯಿಲೆ ಬರಲ್ಲ. ಅಲ್ಲಿ ನಿಧಾನಕ್ಕೆ ಉದ್ದವಾಗೋದು, ಜೋತು ಬೀಳೋದು ಜಿರ್ಕೋನಿಯಂ-ನಿಯೋಬಿಯಂ ಕೊಳವೆಗಳು, ನ್ಯೂಟ್ರಾನ್ ಹೊಡೆತವೂ ಸೇರಿ. ಅದಕ್ಕೆ ಇನ್ನೊಂದು ದಿನ.

ಆ 4 ಮಿಲಿಮೀಟರಿಗೆ ವಾಪಸ್

ಈಗ ಖಾಲಿ ಕಾಲಂ ತುಂಬಿಸೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡದ್ದು. ಪೈಪಿನ ದಪ್ಪ 30 ಮಿಲಿಮೀಟರ್. ಬಿರುಕು 10 ಮಿಲಿಮೀಟರ್ ಮೀರಬಾರದು ಅಂತ ಲೆಕ್ಕ. ಕಂಡದ್ದು 4, ಅಳತೆಯ ತಪ್ಪಿಗೆ 1 ಸೇರಿಸಿ 5. ಮುಂದಿನ ಶಟ್‌ಡೌನಿಗೆ 8,000 ಗಂಟೆ.

ಬಿರುಕಿನ ವೇಗ ಗಂಟೆಗೆ 0.0002 ಮಿಲಿಮೀಟರ್ ಆದರೆ, 8,000 ಗಂಟೆಗೆ 1.6. ಒಟ್ಟು 6.6. ಓಡಿಸಬಹುದು. ವೇಗ 0.001 ಆದರೆ 8 ಮಿಲಿಮೀಟರ್, ಒಟ್ಟು 13. ನಿಲ್ಲಿಸಬೇಕು. ಬಿರುಕು ಬೆಳೆದಂತೆ ವೇಗವೂ ಏರತ್ತೆ, ಆದ್ದರಿಂದ ನಿಜ ಲೆಕ್ಕ ಇದಕ್ಕಿಂತ ಬಿಗಿ. ಎರಡು ವೇಗಗಳ ನಡುವಿನ ಅಂತರ ಎಷ್ಟು? 5 ಪಟ್ಟು. ಎಳೆತ ಕಾಲುಭಾಗ ಹೆಚ್ಚಾದರೆ ಆಗುವಷ್ಟೇ. ಓಡಿಸು ಅನ್ನೋದಕ್ಕೂ ನಿಲ್ಲಿಸು ಅನ್ನೋದಕ್ಕೂ ನಡುವೆ ಇರೋದು ಇಷ್ಟೇ ಜಾಗ.

ಹಾಗಾಗಿ "ಆಧಾರ" ಕಾಲಂನಲ್ಲಿ ಐದು ಸಂಗತಿ ಇರಲೇಬೇಕು. ಆ ಜಾಗದ ನಿಜ ತಾಪಮಾನ, ವಿನ್ಯಾಸದ್ದಲ್ಲ. ಎಳೆತದ ಲೆಕ್ಕ, ಹ್ಯಾಂಗರ್ ತಪಾಸಣೆ ಸೇರಿ. ಬಳಸಿದ ಬಿರುಕಿನ ವೇಗ ಮೂಲ ಲೋಹದ್ದೋ, ವೆಲ್ಡಿನದ್ದೋ. ಆ ಡೇಟಾ ಬಂದ ಪರೀಕ್ಷೆ ಎಷ್ಟು ಗಂಟೆ ನಡೆದದ್ದು, ಎಷ್ಟು ಬಿಸಿಯಲ್ಲಿ. ಮತ್ತೆ ಯಾವಾಗ ಅಳೀತಾರೆ, ಎಷ್ಟು ಕಂಡರೆ ನಿಲ್ಲಿಸ್ತಾರೆ. ಈ ಐದೂ ಇದ್ದರೆ ಬಿರುಕು ಇಟ್ಟುಕೊಂಡು ಓಡಿಸೋದು ಎಂಜಿನಿಯರಿಂಗ್. ಇಲ್ಲದಿದ್ದರೆ ಅದು ಬರೀ ನಂಬಿಕೆ.

ನಮ್ಮ ವೀಕ್ಷಕರಿಗೆ ನಾನು ಹೇಳಿದ್ದು, ದೂರು ಕೊಡೋ ಮೊದಲು ಕೇಳಿ ಅಂತ. ಅವರು ಪ್ಲಾಂಟಿನ ಇನ್‌ಸ್ಪೆಕ್ಷನ್ ಎಂಜಿನಿಯರಿಗೆ ಮೇಲ್ ಹಾಕಿದರು. ಎರಡು ದಿನಕ್ಕೆ ಉತ್ತರ ಬಂತಂತೆ. ಲೆಕ್ಕ ಮಾಡಿದ್ದಾರೆ, ಇಪ್ಪತ್ತು ಪುಟದ ವರದಿ ಇದೆ, ಹಳೇ ಸಿಸ್ಟಂನಲ್ಲಿ ಫೈಲ್ ಲಗತ್ತಿಸಲು ಜಾಗವೇ ಇರಲಿಲ್ಲ. ಆ ಒಂದು ದಾಖಲೆಗೆ ನೆಮ್ಮದಿ. ಆದರೆ ಅದೇ ಹುಡುಕಾಟದಲ್ಲಿ "ಆಧಾರ" ಖಾಲಿ ಇರುವ ಇನ್ನೂ 11 ದಾಖಲೆ ಸಿಕ್ಕವು. ಅವುಗಳಲ್ಲಿ ಮೂರಕ್ಕೆ ವರದಿ ಯಾರ ಹತ್ತಿರವೂ ಇಲ್ಲ. ಆ ಮೂರನ್ನೂ ಈಗ ಮರುತಪಾಸಣೆಗೆ ಹಾಕಿದ್ದಾರೆ.

ಹೊಸ ಸಿಸ್ಟಂನಲ್ಲಿ ಅವರು ಒಂದು ಬದಲಾವಣೆ ಮಾಡಿಸಿದ್ದಾರೆ. "ನಿಗಾ ಇಡುವುದು" ಅಂತ ಆಯ್ಕೆ ಮಾಡಿದರೆ ಲೆಕ್ಕದ ಫೈಲ್ ಮತ್ತು ಮುಂದಿನ ಅಳತೆಯ ದಿನಾಂಕ ಹಾಕದೆ ಸೇವ್ ಬಟನ್ ಒತ್ತಲು ಬರಲ್ಲ. ಕೋಡ್ ಲೆಕ್ಕದಲ್ಲಿ ನಾಲ್ಕು ಸಾಲಿನ ಕೆಲಸ. ನಿಮ್ಮಲ್ಲಿ ಯಾರಾದರೂ ಇಂಥ ಪ್ಲಾಂಟುಗಳ ಸಾಫ್ಟ್‌ವೇರ್ ನೋಡಿಕೊಳ್ತಿದ್ದರೆ, ನಾಳೆ ಆಫೀಸಿಗೆ ಹೋದಾಗ ಆ ಕಾಲಂ ಒಮ್ಮೆ ತೆರೆದು ನೋಡಿ. ಖಾಲಿ ಇದ್ದರೆ ಕೇಳಿ.